ಹೈಡ್ರಾದ ತಲೆ ಕತ್ತರಿಸಿದರೆ ಎರಡು ತಲೆ ಹುಟ್ಟುವುದಿಲ್ಲ

ಮಾನ್ಯ ಸಂಪಾದಕರೇ,

ಹತ್ತನೇ ತರಗತಿಯ ಮಕ್ಕಳಿಗೆ ಕೆರೆನೀರಿನ ಪುಟ್ಟ ಪ್ರಾಣಿ ಹೈಡ್ರಾ ಎಂದರೆ ಮೊಗ್ಗುವಿಕೆಯದೊಂದು (ಮೈಮೇಲೆ ಮೊಗ್ಗಿನಂತೆ ಮರಿ ಮೂಡುವುದು), ಪುನರುತ್ಪಾದನೆಯದೊಂದು (ತುಂಡಿನಿಂದ ಮತ್ತೆ ಪೂರ್ತಿ ಬೆಳೆಯುವುದು) ಚಿತ್ರ ಅಷ್ಟೆ. ಅದರ ಜೊತೆಗೆ ಈಚೆಗೆ ವಿದ್ಯಾರ್ಥಿ ಪುರವಣಿಗಳಲ್ಲಿ, ಕೋಚಿಂಗ್ ಟಿಪ್ಪಣಿಗಳಲ್ಲಿ ಒಂದು ಮಾತು ಮೇಲಿಂದ ಮೇಲೆ ಕಾಣುತ್ತಿದೆ: ‘ಇದರ ಒಂದು ತಲೆ ಕತ್ತರಿಸಿದರೆ ಎರಡು ತಲೆ ಬೆಳೆಯುತ್ತವೆ, ಅದಕ್ಕೇ ಈ ಹೆಸರು.’ ಗ್ರೀಕ್ ಪುರಾಣದ ಹೈಡ್ರಾ ಎಂಬ ಹಾವಿನ ಗುಣವನ್ನು ಕೆರೆಯ ಜೀವಿಗೆ ಅಂಟಿಸಿದ್ದರಿಂದ ಆದ ತಪ್ಪು ಇದು. ಶಾಲೆಯಲ್ಲೇ ಒಂದು ವಾರದೊಳಗೆ ಮಕ್ಕಳ ಕಣ್ಣೆದುರು ಇದನ್ನು ಸರಿಪಡಿಸಬಹುದು. ಹೇಗೆ ಎಂದು ತಿಳಿಸಲು ಈ ಪತ್ರ.

ಮೊದಲು ಕಥೆ. ಗ್ರೀಸಿನ ಆರ್ಗೋಸ್ ಬಳಿ ಲೆರ್ನಾ ಎಂಬ ಜವುಗಿತ್ತು. ಟೈಫಾನ್ ಮತ್ತು ಎಕಿಡ್ನಾ ಎಂಬ ದೈತ್ಯರ ಮಗಳಾದ ಹೈಡ್ರಾ ಅಲ್ಲಿ ವಾಸವಾಗಿತ್ತು. ಅದಕ್ಕೆ ಒಂಬತ್ತು ತಲೆ, ನಡುವಿನದಕ್ಕೆ ಸಾವಿಲ್ಲ ಎಂಬುದು ಹೆಚ್ಚು ಪ್ರಚಲಿತ ಪಾಠ. ಅದನ್ನು ಕೊಲ್ಲಲು ಬಂದ ವೀರ ಹೆರಾಕ್ಲೀಸ್ ಒಂದು ತಲೆ ಉರುಳಿಸಿದರೆ ಅಲ್ಲಿ ಎರಡು ಏಳುತ್ತಿದ್ದವು. ನಮ್ಮ ರಕ್ತಬೀಜಾಸುರನ ಕಥೆ ಕೇಳಿದವರಿಗೆ ಈ ಫಜೀತಿ ಹೊಸದಲ್ಲ. ಅಲ್ಲಿ ಕಾಳಿ ರಕ್ತ ನೆಲಕ್ಕೆ ಬೀಳದಂತೆ ಕುಡಿದಳು, ಇಲ್ಲಿ ಹೆರಾಕ್ಲೀಸನ ಸಹೋದರನ ಮಗ ಅಯೊಲಾಸ್ ಕೊಳ್ಳಿಯಿಂದ ಕತ್ತಿನ ಗಾಯ ಸುಟ್ಟ. ಸಾವಿಲ್ಲದ ತಲೆಯನ್ನು ಬಂಡೆಯಡಿ ಹೂತರು. ಸಹಾಯ ಪಡೆದ ಕಾರಣಕ್ಕೆ, ಹೆರಾಕ್ಲೀಸನಿಗೆ ಈ ಕೆಲಸ ವಿಧಿಸಿದ್ದ ರಾಜ ಯೂರಿಸ್ಥ್ಯೂಸ್ ಈ ಸಾಹಸವನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ಇದೇ ಹೆಸರಿನ ದ್ವೀಪವೊಂದು ಸರೋನಿಕ್ ಕೊಲ್ಲಿಯ ಹತ್ತಿರ ಇದೆ. ಇಂದಿನ ಗ್ರೀಕರ ಬಾಯಲ್ಲಿ ಅದು ‘ಈದ್ರಾ’. ಹಾವಿಗೂ ಅದಕ್ಕೂ ನಂಟಿಲ್ಲ, ಹಳೆಯ ಹೆಸರು ಹೈಡ್ರಿಯಾ ನೀರಿನಿಂದ ಬಂದದ್ದು. ಆಕಾಶದ ಹೈಡ್ರಾ ಮಾತ್ರ ಹಾವೇ. 88 ನಕ್ಷತ್ರಪುಂಜಗಳಲ್ಲಿ ಎಲ್ಲಕ್ಕಿಂತ ದೊಡ್ಡದು. ಅದರ ತಲೆಯ ಭಾಗದ ನಕ್ಷತ್ರಗಳನ್ನೇ ನಾವು ಆಶ್ಲೇಷ ಎನ್ನುತ್ತೇವೆ. ಆಶ್ಲೇಷಕ್ಕೆ ಅಧಿದೇವತೆಗಳು ಸರ್ಪಗಳು. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಆಶ್ಲೇಷ ಬಲಿ ಮಾಡಿಸುವವರು ಮಾರ್ಚ್‌–ಏಪ್ರಿಲ್ ಸಂಜೆ ತಲೆಯೆತ್ತಿ ನೋಡಿದರೆ ಆ ಗುಂಪು ಕಾಣುತ್ತದೆ.

ಈಗ ಕೆರೆಗೆ ಬರೋಣ. ಜಿನೀವಾದ ಅಬ್ರಹಾಂ ಟ್ರೆಂಬ್ಲಿ ಹೇಗ್ ನಗರದ ಬಳಿ ಶ್ರೀಮಂತರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದವರು. 1740ರಲ್ಲಿ ಹಳ್ಳದ ನೀರಿನಲ್ಲಿ ಸಿಕ್ಕ ಈ ಜೀವಿ ಸಸ್ಯವೋ ಪ್ರಾಣಿಯೋ ಎಂದು ತೀರ್ಮಾನಿಸಲು ಅವರು ಅದನ್ನು ಅಡ್ಡಕ್ಕೆ ಕತ್ತರಿಸಿದರು. ಎರಡು ತುಂಡೂ ಎರಡು ಪೂರ್ಣ ಜೀವಿಗಳಾದವು. ಆಮೇಲೆ ತಲೆಯನ್ನು ಉದ್ದುದ್ದಕ್ಕೆ ಸೀಳುತ್ತಾ ಹೋಗಿ ಏಳು ತಲೆಯ ಜೀವಿಯನ್ನೇ ಪಡೆದರು. ಲೆರ್ನಾದ ಹಾವಿನ ಹೆಸರು ಹೊಂದಿಕೊಂಡದ್ದು ಹೀಗೆ. 1758ರಲ್ಲಿ ಜೀವಿಗಳಿಗೆ ವೈಜ್ಞಾನಿಕ ಹೆಸರಿಟ್ಟು ವರ್ಗೀಕರಿಸಿದ ಲಿನೇಯಸ್ ಅದನ್ನೇ ಕುಲನಾಮವಾಗಿಸಿದ. ಗಮನಿಸಿ, ಹಲವು ತಲೆ ಬಂದದ್ದು ಸೀಳಿದ್ದರಿಂದ, ಕಡಿದದ್ದರಿಂದಲ್ಲ. ಅಡ್ಡ ಕತ್ತರಿಸಿದರೆ ತಲೆಯಿದ್ದ ಕಡೆ ಒಂದೇ ತಲೆ, ಬುಡವಿದ್ದ ಕಡೆ ಒಂದೇ ಬುಡ. ತುಂಡಿನ ಯಾವ ತುದಿ ಮೇಲು, ಯಾವುದು ಕೆಳಗು ಎಂಬುದು ಅದರ ಜೀವಕೋಶಗಳಲ್ಲಿ ಉಳಿದಿರುತ್ತದೆ. ಇಡೀ ಪಾಠದಲ್ಲಿ ಮಕ್ಕಳಿಗೆ ತಿಳಿಯಬೇಕಾದ ಸೊಗಸು ಇದು. ಆ ತಪ್ಪು ವಾಕ್ಯ ಅಳಿಸಿಹಾಕುವುದೂ ಇದನ್ನೇ.

ಹುಡುಕುವುದು ಕಷ್ಟವಲ್ಲ. ಹರಿವಿಲ್ಲದ, ಕೊಳಚೆ ಸೇರದ ಕೆರೆ, ಕಲ್ಯಾಣಿ, ತಾವರೆ ಕೊಳಗಳಿಂದ ನೀರೊಳಗಿನ ಗಿಡಗಳನ್ನು, ತೇಲುವ ಸಣ್ಣ ಎಲೆಗಳನ್ನು ಅದೇ ನೀರಿನ ಸಮೇತ ಅಗಲ ಬಾಯಿಯ ಗಾಜಿನ ಜಾಡಿಗೆ ತುಂಬಿ. ಬಿಸಿಲು ನೇರವಾಗಿ ಬೀಳದ ಕಿಟಕಿಯ ಬಳಿ ಒಂದು ರಾತ್ರಿ ಅಲುಗಿಸದೆ ಇಡಿ. ಹೈಡ್ರಾ ಬೆಳಕಿನ ಕಡೆಗೆ ಸಾಗುತ್ತದೆ. ಮರುದಿನ ಜಾಡಿಯ ಹಿಂದೆ ಕಪ್ಪು ಕಾಗದ ಹಿಡಿದು ಓರೆಯಾಗಿ ಟಾರ್ಚ್ ಬಿಟ್ಟರೆ, ಗಾಜಿಗೆ ಅಂಟಿಕೊಂಡು ತುದಿ ಬಿಚ್ಚಿದ ದಾರದ ತುಣುಕಿನಂತೆ ಕಾಣುತ್ತದೆ. ಅರ್ಧ, ಒಂದು ಸೆಂಟಿಮೀಟರ್ ಉದ್ದ. ಮುಟ್ಟಿದರೆ ಕುಗ್ಗಿ ಚುಕ್ಕೆಯಾಗುತ್ತದೆ. ಡ್ರಾಪರಿನಿಂದ ನೇರ ಎಳೆಯಬೇಡಿ, ಬುಡ ಹರಿಯುತ್ತದೆ. ಮೊದಲು ಬುಡದ ಮೇಲೆ ನೀರು ಚಿಮ್ಮಿಸಿ ಸಡಿಲಿಸಿ, ಆಮೇಲೆ ಹೀರಿ.

ಹೆಚ್ಚಿನ ಕಡೆ ಎಡವುವುದು ನೀರಿನಲ್ಲಿ. ನಲ್ಲಿಯ ಕ್ಲೋರಿನ್ ನೀರು ಕೊಲ್ಲುತ್ತದೆ. ತಾಮ್ರದ ಲೇಶವೂ ಆಗದು, ಹಾಗಾಗಿ ತಾಮ್ರದ ಬಿಂದಿಗೆಯ ನೀರು ಬೇಡ. ಬರೀ ಡಿಸ್ಟಿಲ್ಡ್ ವಾಟರಿನಲ್ಲೂ ಬದುಕುವುದಿಲ್ಲ, ಅದಕ್ಕೆ ಕ್ಯಾಲ್ಸಿಯಂ ಬೇಕೇ ಬೇಕು. 100 ಮಿ.ಲೀ. ಡಿಸ್ಟಿಲ್ಡ್ ವಾಟರಿಗೆ 1.5 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ (ಡೈಹೈಡ್ರೇಟ್), ಬೇರೊಂದು 100 ಮಿ.ಲೀ.ಗೆ 0.8 ಗ್ರಾಂ ಅಡುಗೆ ಸೋಡಾ ಕರಗಿಸಿಡಿ. ಒಂದು ಲೀಟರ್ ಡಿಸ್ಟಿಲ್ಡ್ ವಾಟರಿಗೆ ಎರಡರಿಂದಲೂ 10 ಮಿ.ಲೀ. ಹಾಕಿದರೆ ಮುಗಿಯಿತು. ಗಟ್ಟಿ ದ್ರಾವಣಗಳನ್ನು ನೇರವಾಗಿ ಬೆರೆಸಿದರೆ ಬಿಳಿ ಗಷ್ಟು ಇಳಿದು ಕ್ಯಾಲ್ಸಿಯಂ ವ್ಯರ್ಥವಾಗುತ್ತದೆ. ಇಷ್ಟು ಅನುಕೂಲವಿಲ್ಲದ ಶಾಲೆ ಅದೇ ಕೆರೆಯ ನೀರನ್ನು ಬಟ್ಟೆಯಲ್ಲಿ ಸೋಸಿ ಬಳಸಲಿ. ಕರಬಳ್ಳಿಗಳ (ಬಾಯಿಯ ಸುತ್ತಲಿನ ಎಳೆಗಳ) ತುದಿ ಗುಂಡಾಗಿ ದಪ್ಪವಾದರೆ ನೀರು ಕೆಟ್ಟಿದೆ ಎಂದೇ ಅರ್ಥ. ಅಂದೇ ಬದಲಿಸದಿದ್ದರೆ ದೇಹ ಕುಗ್ಗಿ ಕರಗಿಹೋಗುತ್ತದೆ. ಉಷ್ಣತೆ 18ರಿಂದ 22 ಡಿಗ್ರಿ ಇದ್ದರೆ ಒಳ್ಳೆಯದು.

ಆಹಾರಕ್ಕೆ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಆರ್ಟೀಮಿಯಾ (ಸಿಗಡಿಯಂಥ ಪುಟ್ಟ ಉಪ್ಪುನೀರಿನ ಜೀವಿ) ಮೊಟ್ಟೆ ಸಾಕು. ಲೀಟರ್ ನೀರಿಗೆ 25–30 ಗ್ರಾಂ ಅಯೋಡಿನ್ ಇಲ್ಲದ ಕಲ್ಲುಪ್ಪು, ಅರ್ಧ ಚಮಚ ಮೊಟ್ಟೆ ಹಾಕಿ ಏರ್ ಪಂಪ್ ಓಡಿಸಿದರೆ ಒಂದೂವರೆ ದಿನದೊಳಗೆ ಕಿತ್ತಳೆ ಬಣ್ಣದ ಮರಿಗಳು ಹೊರಬರುತ್ತವೆ. ಬಟ್ಟೆಯಲ್ಲಿ ಸೋಸಿ ಸಿಹಿನೀರಿನಲ್ಲಿ ಎರಡು ಸಲ ತೊಳೆದೇ ಹಾಕಬೇಕು, ಉಪ್ಪು ಉಳಿದರೆ ಹೈಡ್ರಾ ಸಾಯುತ್ತದೆ. ಅದೇ ಕೆರೆಯ ಡಾಫ್ನಿಯಾ ಎಂಬ ನೀರುಚಿಗಟ ಕೂಡ ನಡೆಯುತ್ತದೆ. (ಅದಕ್ಕೂ ಗ್ರೀಕ್ ಹೆಸರೇ: ಅಪೊಲೊನಿಂದ ತಪ್ಪಿಸಿಕೊಳ್ಳಲು ಗಿಡವಾದ ಡಾಫ್ನಿ.) ವಾರಕ್ಕೆ ಮೂರು ಸಲ ತಿನ್ನಿಸಿ. ಆರೇಳು ಗಂಟೆಯ ನಂತರ ನೀರು ಬದಲಿಸಲೇಬೇಕು, ಏಕೆಂದರೆ ಜೀರ್ಣವಾಗದ್ದನ್ನು ಅದು ಬಾಯಿಂದಲೇ ಹೊರಹಾಕುತ್ತದೆ, ಆ ಕಸ ನೀರನ್ನು ಕೊಳೆಸುತ್ತದೆ.

ಊಟದ ಹೊತ್ತನ್ನು ಭೂತಗನ್ನಡಿಯಲ್ಲಿ ಮಕ್ಕಳಿಗೆ ತೋರಿಸಲೇಬೇಕು. ಈಜುತ್ತಿದ್ದ ಮರಿ ಕರಬಳ್ಳಿಗೆ ತಾಗಿದ್ದೇ ತಡ, ನಿಂತುಬಿಡುತ್ತದೆ. ಕರಬಳ್ಳಿಯ ಕುಟುಕುಕಣದ (ಕುಟುಕುವ ಜೀವಕೋಶದ) ಮುಳ್ಳು ಸಿಡಿಯಲು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗವೂ ಬೇಡ. ಕರಬಳ್ಳಿ ನಿಧಾನ ಬಾಗುತ್ತದೆ, ಗಾಯಗೊಂಡ ಮರಿಯಿಂದ ಒಸರುವ ಗ್ಲುಟಾಥಯೋನ್ ಎಂಬ ರಾಸಾಯನಿಕ ತಗುಲಿ ಬಾಯಿ ಅಗಲವಾಗುತ್ತದೆ. ಕೆಲವೇ ನಿಮಿಷದಲ್ಲಿ ತಿಳಿಯಾದ ಮೈಯೊಳಗೆ ಕಿತ್ತಳೆ ಬಣ್ಣ ಕಾಣುತ್ತದೆ. ಮನುಷ್ಯರ ಚರ್ಮಕ್ಕೆ ಇದರಿಂದ ತೊಂದರೆಯಿಲ್ಲ.

ಕತ್ತರಿಸಲು ಮೊಗ್ಗಿಲ್ಲದ, ಒಂದು ದಿನ ಊಟ ಕೊಡದ ಹೈಡ್ರಾ ಆರಿಸಿ. ಆಳವಿಲ್ಲದ ತಟ್ಟೆಯಲ್ಲಿ ಅದು ಪೂರ್ತಿ ಚಾಚಿಕೊಳ್ಳುವವರೆಗೆ ಕಾದು ಹೊಸ ಬ್ಲೇಡಿನಿಂದ ನಡುವೆ ಒಂದೇ ಸಲ ಕೊಯ್ಯಿರಿ. ಕುಗ್ಗಿದಾಗ ಕೊಯ್ದರೆ ಎಲ್ಲಿ ಕೊಯ್ದೆವೆಂಬುದೇ ತಿಳಿಯದು. ತುಂಡುಗಳನ್ನು ಬೇರೆ ಬೇರೆ ತಟ್ಟೆಯಲ್ಲಿಟ್ಟು ದಿನಾ ನೀರು ಬದಲಿಸಿ. ಬುಡದ ತುಂಡಿನಲ್ಲಿ ಎರಡು ದಿನದೊಳಗೆ ಕರಬಳ್ಳಿಗಳ ಮೊಳಕೆ, ಮೂರು ದಿನದ ಹೊತ್ತಿಗೆ ತಲೆ ಬರುತ್ತದೆ. ಬಾಯಿ ಮೂಡುವ ಮೊದಲೇ ಆಹಾರ ಹಾಕಿದರೆ ನೀರು ಕೆಟ್ಟು ಪ್ರಯೋಗ ಹಾಳಾಗುತ್ತದೆ. ಕತ್ತರಿಸಿದ ಕರಬಳ್ಳಿಯೊಂದನ್ನೂ ಪಕ್ಕದಲ್ಲಿಡಿ. ಅದು ಏನೂ ಆಗದೆ ಸಾಯುತ್ತದೆ, ಅದರ ಜೀವಕೋಶಗಳು ಮುಂದೆ ವಿಭಜಿಸುವುದಿಲ್ಲ. ‘ಯಾವ ತುಂಡಿನಿಂದಲಾದರೂ ಹೊಸ ಹೈಡ್ರಾ’ ಎಂಬ ಇನ್ನೊಂದು ತಪ್ಪೂ ಅಲ್ಲಿಗೆ ಮುಗಿಯಿತು. ಇನ್ನೊಂದು ಹೈಡ್ರಾದ ತಲೆಯನ್ನಷ್ಟೇ ಉದ್ದಕ್ಕೆ ಸೀಳಿದರೆ ಎರಡು ತಲೆಯ ಜೀವಿ ಸಿಗುತ್ತದೆ. ಆ ಕವಲು ದಿನ ಕಳೆದಂತೆ ಕೆಳಗಿಳಿದು ಕೊನೆಗೆ ಎರಡಾಗಿ ಬೇರ್ಪಡುವುದೂ ಉಂಟು.

‘ಹೈಡ್ರಾ ಅಮರ’ ಎಂಬ ಶೀರ್ಷಿಕೆಗಳಿಗೂ ತಿದ್ದುಪಡಿ ಬೇಕು. ಮೊಗ್ಗೊಡೆಯುತ್ತಿರುವ ಹೈಡ್ರಾದಲ್ಲಿ ಹಳೆಯ ಜೀವಕೋಶಗಳು ತುದಿಗಳಿಗೆ ಸರಿದು ಉದುರುತ್ತವೆ, ಕಾಂಡಕೋಶಗಳು (ಹೊಸ ಕೋಶ ಹುಟ್ಟಿಸುವ ಮೂಲ ಕೋಶಗಳು) ಹೊಸದನ್ನು ತುಂಬುತ್ತಿರುತ್ತವೆ. ಹಾಗಾಗಿ ವರ್ಷಗಟ್ಟಲೆ ಗಮನಿಸಿದರೂ ವಯಸ್ಸಾದಂತೆ ಸಾವಿನ ಪ್ರಮಾಣ ಏರಿದ್ದು ಕಂಡಿಲ್ಲ. ಆದರೆ ಹೈಡ್ರಾ ಒಲಿಗ್ಯಾಕ್ಟಿಸ್ ಎಂಬ ಪ್ರಭೇದ ಚಳಿಯಲ್ಲಿ ಲೈಂಗಿಕ ಸಂತಾನೋತ್ಪತ್ತಿಗೆ ತೊಡಗಿದ ಮೇಲೆ ಮುಪ್ಪಾಗಿ ಸಾಯುತ್ತದೆ. ಕೆಟ್ಟ ನೀರಿನಲ್ಲಂತೂ ಯಾವುದೂ ಉಳಿಯದು.

ಪದವಿ ತರಗತಿಗಳಲ್ಲಿ ಕಪ್ಪೆ ಕೊಯ್ಯುವುದು ನಿಂತ ಮೇಲೆ ಪ್ರಯೋಗಾಲಯಗಳಲ್ಲಿ ಉಳಿದಿರುವುದು ಬಣ್ಣ ಹಾಕಿದ, ಕುಗ್ಗಿ ಸತ್ತ ಹೈಡ್ರಾದ ಸ್ಲೈಡು. ಪುಣೆಯ ಅಘರ್ಕರ್ ಸಂಶೋಧನಾ ಸಂಸ್ಥೆ ಈ ನೆಲದ ಹೈಡ್ರಾದ ಮೇಲೇ ಸಂಶೋಧನೆ ನಡೆಸಿದೆ, ನಮ್ಮ ಕಾಲೇಜುಗಳಿಗೆ ಒಂದು ಜಾಡಿ ಸಾಕುವುದು ಭಾರವಲ್ಲ. ಪಠ್ಯದ ವೇಳಾಪಟ್ಟಿ ಮಾಡುವವರು ಈ ಚಟುವಟಿಕೆಯನ್ನು ನವೆಂಬರ್‌ನಿಂದ ಜನವರಿಯೊಳಗೆ ಇಡಲಿ. ಮಳೆಯ ಕೆಸರು ಇಳಿದು ನೀರು ತಂಪಾಗಿರುವಾಗ ಸಂಗ್ರಹಿಸುವುದೂ ಸುಲಭ, ಬದುಕಿಸುವುದೂ ಸುಲಭ. ಬೇಸಿಗೆಯವರೆಗೆ ಉಳಿಸಿಕೊಳ್ಳಬೇಕಾದವರು ಜಾಡಿಯನ್ನು ಒದ್ದೆ ಮರಳು ತುಂಬಿದ ಮಣ್ಣಿನ ಮಡಕೆಯೊಳಗೆ ಇಟ್ಟು ಮರಳು ಆರದಂತೆ ನೋಡಿಕೊಳ್ಳಬೇಕು.

— ಜೀವಶಾಸ್ತ್ರ ಅಧ್ಯಾಪಕರ ಗುಂಪು, ಮೈಸೂರು