ಹಲ್ಲು ಸುಡುವುದು ಗ್ರೈಂಡಿಂಗ್‌ನಲ್ಲಿ, ಬೈಗುಳ ಉಕ್ಕಿಗೆ

ಮಾನ್ಯ ಸಂಪಾದಕರೇ,

ಪೀಣ್ಯದಲ್ಲಾಗಲಿ ಬೆಳಗಾವಿಯ ಉದ್ಯಮಬಾಗದಲ್ಲಾಗಲಿ, ಡಿ2 ಎಂಬ ಗಟ್ಟಿ ಟೂಲ್ ಉಕ್ಕಿನ ಗೇರ್ ಒಂದು ಕೆಲಸಕ್ಕೆ ಹಚ್ಚಿದ ಕೆಲವೇ ದಿನಗಳಲ್ಲಿ ಹಲ್ಲಿನ ಚಕ್ಕೆ ಉದುರಿಸಿತೆಂದರೆ ಮೊದಲು ಬೈಸಿಕೊಳ್ಳುವವರು ಉಕ್ಕು ಮಾರಿದವರು, ಆಮೇಲೆ ಅದನ್ನು ಕಾಯಿಸಿ ಗಡಸು ಮಾಡಿದ ಹೀಟ್ ಟ್ರೀಟ್‌ಮೆಂಟ್‌ನವರು. ತಿರುಗುವ ಸಾಣೆ ಚಕ್ರದಿಂದ (ವೀಲ್) ಹಲ್ಲು ಸವೆಸಿ ಗ್ರೈಂಡಿಂಗ್ ಮಾಡಿದವರ ಮೇಲೆ ಅನುಮಾನ ಬರುವುದು ಕಡಿಮೆ. ಅಳತೆಯ ಹಾಳೆಯಲ್ಲಿ ಪ್ರೊಫೈಲ್, ಲೀಡ್, ಪಿಚ್ (ಹಲ್ಲಿನ ಆಕಾರ, ಉದ್ದಕ್ಕೂ ಅದರ ದಿಕ್ಕು, ಹಲ್ಲುಗಳ ನಡುವಿನ ಅಂತರ) ಎಲ್ಲವೂ ಮೈಕ್ರಾನ್ ಲೆಕ್ಕದಲ್ಲಿ ಸರಿಯಾಗಿಯೇ ಇರುತ್ತವಲ್ಲ! ಆದರೆ ವೀಲ್ ಸುಟ್ಟ ಹಲ್ಲು ಅಳತೆಯಲ್ಲಿ ಸಿಕ್ಕಿಬೀಳುವುದಿಲ್ಲ. ಈ ಪತ್ರ ಆ ಸುಡುವಿಕೆಯ ಬಗ್ಗೆ.

ಡಿ2 ಎಂದರೆ ಸುಮಾರು 1.5% ಇಂಗಾಲ, 12% ಕ್ರೋಮಿಯಂ ಇರುವ ಉಕ್ಕು. ಇದನ್ನು ಗಡಸು ಮಾಡಿ 200 ಡಿಗ್ರಿಯಲ್ಲಿ ಟೆಂಪರ್ ಮಾಡಿದರೆ (ಮತ್ತೆ ಹದವಾಗಿ ಕಾಯಿಸಿದರೆ) ಗಡಸುತನ 60 ಎಚ್‌ಆರ್‌ಸಿ (ರಾಕ್‌ವೆಲ್ ಅಳತೆ) ದಾಟುತ್ತದೆ, ಗ್ರಾಹಕರಿಗೆ ಆ ಅಂಕಿ ಇಷ್ಟ. ಆದರೆ ವೀಲ್ ತಾಗುವ ಜಾಗದಲ್ಲಿ 200 ಡಿಗ್ರಿ ಏನೇನೂ ಅಲ್ಲ. ಅದನ್ನು ಮೀರಿದ ಕಡೆ ಹಲ್ಲಿನ ಮೇಲ್ಪದರ ಮೆತ್ತಗಾಗುತ್ತದೆ. ಬಿಸಿ 800 ಡಿಗ್ರಿಯನ್ನೂ ದಾಟಿಬಿಟ್ಟರೆ ಒಳಗಿನ ತಣ್ಣನೆಯ ಉಕ್ಕು ಮೇಲ್ಪದರವನ್ನು ಕ್ಷಣದಲ್ಲಿ ಕ್ವೆಂಚ್ ಮಾಡಿ, ಅಂದರೆ ಥಟ್ಟನೆ ತಣಿಸಿ, ಟೆಂಪರ್ ಆಗದ ಗಾಜಿನಂಥ ಹೊಸ ಪದರವೊಂದನ್ನು ಬಿಟ್ಟುಹೋಗುತ್ತದೆ. ಬಿರುಕು ಹುಟ್ಟುವುದು ಅಲ್ಲಿಂದ. ಕಂದು, ನೀಲಿ ಬಣ್ಣ ಕಂಡರೆ ಸುಟ್ಟಿದೆ ಎಂದು ಎಲ್ಲರಿಗೂ ಗೊತ್ತು. ಆದರೆ ಕೊನೆಯಲ್ಲಿ ವೀಲನ್ನು ಇನ್ನಷ್ಟು ಇಳಿಸದೆ ಎರಡು ಸಲ ಹಾಯಿಸಿದರೆ (ಸ್ಪಾರ್ಕ್ ಔಟ್ ಪಾಸ್) ಬಣ್ಣ ಮಾಯ, ಹಲ್ಲು ಬೆಳ್ಳಗೆ ಹೊಳೆಯುತ್ತದೆ. ಕೆಟ್ಟ ಪದರ ಮಾತ್ರ ಕೆಳಗೆ ಹಾಗೆಯೇ ಕುಳಿತಿರುತ್ತದೆ.

ಅದಕ್ಕೇ ಗ್ರೈಂಡಿಂಗ್‌ಗೆ ಹೋಗುವ ಡಿ2 ಗೇರನ್ನು 500ರಿಂದ 520 ಡಿಗ್ರಿಯಲ್ಲಿ ಎರಡು ಸಲ ಟೆಂಪರ್ ಮಾಡಿಸಿ ಎನ್ನುವುದು. ಅಂಕಿ 58-60ಕ್ಕೆ ಇಳಿಯಬಹುದು, ಇಳಿಯಲಿ. ಬಿಸಿಗೆ ಮೆತ್ತಗಾಗುವ ಭಯ ಅಷ್ಟರಮಟ್ಟಿಗೆ ಕಡಿಮೆ, ಹಾರ್ಡನಿಂಗ್‌ನಲ್ಲಿ ಗಟ್ಟಿಯಾಗದೆ ಉಳಿದುಕೊಂಡ ಮೆತ್ತನೆ ಭಾಗವೂ (ಆಸ್ಟೆನೈಟ್) ಬಹುಪಾಲು ಮಾರ್ಪಟ್ಟಿರುತ್ತದೆ.

ಗೇರ್‌ನಲ್ಲಿ ಈ ತೊಂದರೆ ಚಪ್ಪಟೆ ಜಾಬ್‌ಗಿಂತ ಹೆಚ್ಚು, ಕಾರಣ ಹಲ್ಲಿನ ಆಕಾರ. ಫಾರ್ಮ್ ವೀಲನ್ನು (ಹಲ್ಲಿನ ಸಂದಿನ ಆಕಾರಕ್ಕೆ ಕೆತ್ತಿದ ವೀಲ್) 0.03 ಮಿ.ಮೀ. ಕೆಳಗಿಳಿಸಿದರೆ 20 ಡಿಗ್ರಿ ಪ್ರೆಷರ್ ಆಂಗಲ್‌ನ (ಬದಿಯ ಓರೆ) ಹಲ್ಲಿನ ಬದಿಯಲ್ಲಿ, ಪಿಚ್ ವೃತ್ತದ ಹತ್ತಿರ, ಅಂದರೆ ಹಲ್ಲಿನ ನಡು ಎತ್ತರದಲ್ಲಿ, ಸವೆಯುವುದು ಸುಮಾರು 0.01 ಮಾತ್ರ. ಹಲ್ಲಿನ ಬುಡದಲ್ಲಿ ಪೂರ್ತಿ 0.03 ಸವೆಯಬೇಕು. ಬುಡದ ಮೂಲೆಗೆ ಕೂಲೆಂಟ್ (ತಂಪು ಮಾಡುವ ಎಣ್ಣೆ) ತಲುಪುವುದೂ ಕಷ್ಟ, ಹಲ್ಲು ಬಾಗುವಾಗ ಹೆಚ್ಚು ಒತ್ತಡ ಬೀಳುವುದೂ ಅಲ್ಲಿಯೇ. ಬುಡವನ್ನು ತುಸು ಒಳಕ್ಕೆ ಕೊರೆಯುವ ಪ್ರೊಟ್ಯುಬರೆನ್ಸ್ ಹಾಬ್‌ನಲ್ಲಿ (ಹಲ್ಲು ಕೊಯ್ಯುವ ಉಪಕರಣ) ಹಲ್ಲು ಕೊಯ್ದು, ವೀಲ್ ಬುಡವನ್ನು ಮುಟ್ಟದಂತೆ ನೋಡಿಕೊಂಡರೆ ಅರ್ಧ ತಲೆನೋವು ಹಾಬಿಂಗ್‌ನಲ್ಲೇ ಮುಗಿಯಿತು.

ಇನ್ನು ರನೌಟ್, ಅಂದರೆ ತಿರುಗುವಾಗ ಗೇರ್ ಓಲಾಡುವುದು. ಹಾರ್ಡನಿಂಗ್‌ನಲ್ಲಿ ಗೇರ್ ಸೊಟ್ಟಗಾಗಿಯೇ ಆಗುತ್ತದೆ. ಎದುರಿಗೆ ಸಿಕ್ಕ ಒಂದು ಹಲ್ಲಿಗೆ ವೀಲನ್ನು ತಾಗಿಸಿ (ಟಚ್ ಮಾಡಿ) ಸೈಕಲ್ ಶುರುಮಾಡಿದರೆ, ಆಚೆ ಬದಿಯ ಉಬ್ಬಿದ ಹಲ್ಲಿನ ಮೇಲೆ ಮೊದಲ ಪಾಸ್‌ನಲ್ಲೇ ಐದು ಪಾಸ್‌ಗಳ ಹೊರೆ ಬೀಳುತ್ತದೆ. ಮೂವತ್ತರಲ್ಲಿ ನಾಲ್ಕು ಹಲ್ಲು ಮಾತ್ರ ಸುಟ್ಟಿದ್ದರೆ ಮೊದಲು ಇದನ್ನೇ ಶಂಕಿಸಿ. ಎಲ್ಲ ಸಂದುಗಳಲ್ಲೂ ಎರಡೂ ಬದಿಗೆ ಟಚ್ ಮಾಡಿ, ಅತಿ ಎತ್ತರದ ಹಲ್ಲಿನಿಂದ ಲೆಕ್ಕ ಹಿಡಿಯಬೇಕು.

ವೀಲ್ ವಿಷಯದಲ್ಲಿ ಹಳೆಯ ಮಾತೇ ಸರಿ: ಗಟ್ಟಿ ಉಕ್ಕಿಗೆ ಮೆತ್ತನೆ ವೀಲ್. ಡಿ2ಗೆ 60ರಿಂದ 80 ಗ್ರಿಟ್ (ಕಣದ ಗಾತ್ರ), ಎಚ್ ಅಥವಾ ಐ ಗ್ರೇಡ್‌ನ (ಮೆತ್ತನೆಯ) ಬಿಳಿ ಅಲ್ಯುಮಿನಿಯಂ ಆಕ್ಸೈಡ್ ಸಾಕು. ವೆನೇಡಿಯಂ ಹೆಚ್ಚಿರುವ ಪೌಡರ್ ಉಕ್ಕುಗಳ ಕತೆ ಬೇರೆ. ವೆನೇಡಿಯಂ ಕಾರ್ಬೈಡ್ ಅಲ್ಯುಮಿನಿಯಂ ಆಕ್ಸೈಡ್‌ಗಿಂತಲೂ ಗಟ್ಟಿ, ಹಾಗಾಗಿ ಅಲ್ಲಿ ಸವೆಯುವುದು ವೀಲಿನ ಕಣಗಳೇ. ಮೊಂಡಾದ ಕಣ ಕೊಯ್ಯುವುದನ್ನು ಬಿಟ್ಟು ಉಜ್ಜಲು ತೊಡಗುತ್ತದೆ, ಉಜ್ಜಿದರೆ ಬಿಸಿ. ಅಂಥ ಜಾಬ್‌ಗೆ ಸಿಬಿಎನ್ (ಕ್ಯೂಬಿಕ್ ಬೋರಾನ್ ನೈಟ್ರೈಡ್ ಎಂಬ ಅತಿ ಗಟ್ಟಿ ಕಣದ) ವೀಲ್ ಇಲ್ಲದಿದ್ದರೆ ಆರ್ಡರ್ ಒಪ್ಪಿಕೊಳ್ಳದಿರುವುದೇ ಮೇಲು.

ಕೂಲೆಂಟ್ ಎಷ್ಟು ಸುರಿಯಿತು ಎನ್ನುವುದಕ್ಕಿಂತ ಎಷ್ಟು ವೇಗದಲ್ಲಿ ಬಂತು ಎನ್ನುವುದು ಮುಖ್ಯ. ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ತಿರುಗುವ ವೀಲ್ ತನ್ನ ಸುತ್ತ ಗಾಳಿಯ ಪದರವೊಂದನ್ನು ಎಳೆದುಕೊಂಡೇ ತಿರುಗುತ್ತದೆ. ಅದನ್ನು ಸೀಳಲು ಎಣ್ಣೆಯೂ ಹತ್ತಿರ ಹತ್ತಿರ ಅದೇ ವೇಗದಲ್ಲಿ ಬರಬೇಕು. ಅದಕ್ಕೆ ನಾಜಲ್ ಬಳಿ ಸುಮಾರು 4 ಬಾರ್ ಒತ್ತಡ ಬೇಕು. 1 ಬಾರ್ ಪಂಪಿನಲ್ಲಿ ಎಣ್ಣೆ ಹೊರಡುವುದೇ 15 ಮೀಟರ್ ವೇಗದಲ್ಲಿ. ನೋಡುವವರಿಗೆ ಧಾರಾಳವಾಗಿ ಸುರಿಯುತ್ತಿದೆ, ಹಲ್ಲಿನ ಸಂದಿನಲ್ಲಿ ಮಾತ್ರ ಒಣ ಗ್ರೈಂಡಿಂಗ್ ನಡೆದಿದೆ.

ಸುಟ್ಟಿದೆಯೋ ಇಲ್ಲವೋ ತಿಳಿಯಲು ದುಬಾರಿ ಯಂತ್ರವೇನೂ ಬೇಡ. ನೈಟಲ್ ಪರೀಕ್ಷೆಗೆ (ಆಸಿಡ್‌ನಲ್ಲಿ ಅದ್ದಿ ಬಣ್ಣ ನೋಡುವ ಪರೀಕ್ಷೆ) ಐಎಸ್‌ಒ 14104 ಎಂಬ ಮಾನದಂಡವೇ ಇದೆ. ಗೇರಿನ ಎಣ್ಣೆ ಪೂರ್ತಿ ತೆಗೆದು, ಆಲ್ಕೋಹಾಲ್‌ನಲ್ಲಿ ಬೆರೆಸಿದ 3ರಿಂದ 5% ನೈಟ್ರಿಕ್ ಆಸಿಡ್‌ನಲ್ಲಿ ಅದ್ದಿ, ತೊಳೆದು, ಹೈಡ್ರೋಕ್ಲೋರಿಕ್ ಆಸಿಡ್‌ನ ತೆಳು ದ್ರಾವಣದಲ್ಲಿ ಕಪ್ಪು ಇಳಿಸಿ, ಕ್ಷಾರದಲ್ಲಿ ಮುಳುಗಿಸಿ ತಟಸ್ಥಗೊಳಿಸಿ, ಕೂಡಲೇ ತುಕ್ಕು ನಿರೋಧಕ ಎಣ್ಣೆ ಹಚ್ಚಬೇಕು. ಹಲ್ಲು ಒಂದೇ ಸಮ ಬೂದು ಬಣ್ಣಕ್ಕೆ ಬಂದರೆ ಕ್ಷೇಮ. ಕಪ್ಪು ಪಟ್ಟೆ ಮೂಡಿದರೆ ಅಲ್ಲಿ ಮೆತ್ತಗಾಗಿದೆ. ಕಪ್ಪಿನ ನಡುವೆ ಬಿಳಿ ಮಚ್ಚೆ ಕಂಡರೆ ಆ ಗಾಜಿನಂಥ ಪದರ ಕೂತಿದೆ, ಆ ಗೇರ್ ಸ್ಕ್ರ್ಯಾಪ್. ಹೆಚ್ಚು ಕ್ರೋಮಿಯಂ ಇರುವ ಉಕ್ಕಿನಲ್ಲಿ ಬಣ್ಣದ ವ್ಯತ್ಯಾಸ ಮಂದ. ಹಾಗಾಗಿ ಅದೇ ಉಕ್ಕಿನ, ಅದೇ ಗಡಸುತನದ ತುಂಡೊಂದನ್ನು ಬೇಕೆಂದೇ ಸುಟ್ಟು ಜೊತೆಯಲ್ಲಿ ಅದ್ದಿ, ಹೋಲಿಸಿ ನೋಡಬೇಕು. ಒಂದು ಎಚ್ಚರ: ಆಲ್ಕೋಹಾಲ್‌ಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ಆಲ್ಕೋಹಾಲ್ ಅಲ್ಲ. ಶೇಕಡಾವಾರು ಏರಿಸುವುದಾಗಲಿ, ಬೆರೆಸಿದ್ದನ್ನು ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಡುವುದಾಗಲಿ ಅಪಾಯ.

ಇದೆಲ್ಲ ಗೊತ್ತಿದ್ದೂ ಯಾಕೆ ನಡೆಯುವುದಿಲ್ಲ? ಜಾಬ್‌ವರ್ಕ್ ದರ ನಿಗದಿಯಾಗುವುದು ಹಲ್ಲಿನ ಲೆಕ್ಕದಲ್ಲಿ. ನಡುವೆ ಡ್ರೆಸ್ಸಿಂಗ್‌ಗೆ (ಮೊಂಡಾದ ವೀಲನ್ನು ಹದಗೊಳಿಸಲು) ನಿಲ್ಲಿಸಿದರೆ, ಫಿನಿಶಿಂಗ್‌ನಲ್ಲಿ ಪಾಸ್‌ಗೆ 0.005 ಮಿ.ಮೀ.ನಂತೆ ಇಳಿಸಿದರೆ ಆ ಹೊತ್ತಿಗೆ ದುಡ್ಡು ಕೊಡುವವರಿಲ್ಲ. ಇತ್ತ ಹಾಬಿಂಗ್‌ನವರು ಭಯಕ್ಕೆ ಹಲ್ಲಿನ ಪ್ರತಿ ಬದಿಗೆ 0.15 ಮಿ.ಮೀ. ಹೆಚ್ಚುವರಿ ಲೋಹ ಸಾಕಾಗುವಲ್ಲಿ 0.3 ಬಿಟ್ಟು ಕಳಿಸುತ್ತಾರೆ, ಅಷ್ಟನ್ನೂ ಅದೇ ದರದಲ್ಲಿ ಸವೆಸಬೇಕು.

ಗೇರ್ ತರಿಸಿಕೊಳ್ಳುವ ಕಂಪನಿಗಳು ಡ್ರಾಯಿಂಗ್‌ನಲ್ಲಿ ‘ಗ್ರೈಂಡಿಂಗ್ ನಂತರ ನೈಟಲ್ ಪರೀಕ್ಷೆ ಕಡ್ಡಾಯ’ ಎಂದು ಒಂದು ಸಾಲು ಬರೆದು, ಪರೀಕ್ಷೆಯ ಖರ್ಚನ್ನು ದರದಲ್ಲಿ ಬೇರೆಯಾಗಿ ತೋರಿಸಲಿ. ಬೆಂಗಳೂರಿನ ಸಿಎಂಟಿಐ (ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ) ಮತ್ತು ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಈ ಪರೀಕ್ಷೆಯನ್ನು ಸಣ್ಣ ವರ್ಕ್‌ಶಾಪ್‌ಗಳ ಆಪರೇಟರ್‌ಗಳಿಗೆ ಕನ್ನಡದಲ್ಲಿ, ಸುಟ್ಟ ಹಲ್ಲನ್ನು ಕೈಗೆ ಕೊಟ್ಟು ಕಲಿಸಲಿ. ಅರ್ಧ ದಿನದ ಪಾಠ ಅಷ್ಟೇ.

— ಗೇರ್ ಗ್ರೈಂಡಿಂಗ್ ಕೆಲಸದವರು, ಪೀಣ್ಯ, ಬೆಂಗಳೂರು