ವಾಟರ್ ಪಂಪ್ ಕೆಟ್ಟಿದ್ದರೂ ಥರ್ಮೋಸ್ಟಾಟ್ ಬದಲಿಸಿದ ಬಗ್ಗೆ ದೂರು

ಸರ್ವಿಸ್ ಮ್ಯಾನೇಜರ್ ಅವರಿಗೆ,

ವಿಷಯ: ಸರಿಯಾಗಿ ಪರೀಕ್ಷಿಸದೆ ಬಿಡಿಭಾಗ ಬದಲಿಸಿದ್ದು ಮತ್ತು ಹಣ ವಾಪಸ್ ಕೋರಿಕೆ

ಮಾನ್ಯರೇ,

ಎಂಜಿನ್ ಬಿಸಿಯಾಗುತ್ತಿದೆ ಎಂದು ನನ್ನ ಕಾರನ್ನು ಒಂದೇ ತಿಂಗಳಲ್ಲಿ ಮೂರು ಸಲ ನಿಮ್ಮ ವರ್ಕ್‌ಶಾಪಿಗೆ ತಂದೆ. ಮೊದಲ ಸಲ ಎಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲಂಟ್ ತುಂಬಿಸಿ ಕಳಿಸಿದಿರಿ. ಎರಡನೇ ಸಲ, ಎಂಜಿನ್ ಬಿಸಿಯಾದಾಗ ತೆರೆದು ಕೂಲಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್, ಅಂದರೆ ಥರ್ಮೋಸ್ಟಾಟ್ ಬದಲಿಸಿ ಮತ್ತೆ ಕೂಲಂಟ್ ತುಂಬಿಸಿದಿರಿ. ಮೂರನೇ ಸಲ, ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಹೆಡ್ ಮತ್ತು ಬ್ಲಾಕ್ ನಡುವಿನ ಸೀಲ್) ಹೋಗಿದೆ, ಎಂಜಿನ್ ಬಿಚ್ಚಬೇಕು ಅಂದಿರಿ. ಕೊನೆಗೆ ನೋಡಿದರೆ ಕೆಟ್ಟಿದ್ದು ಕೂಲಂಟನ್ನು ಎಂಜಿನ್ ತುಂಬ ಓಡಿಸುವ ವಾಟರ್ ಪಂಪ್. ಬೇರೆ ಕಡೆ ಹೊಸ ಪಂಪ್ ಹಾಕಿಸಿ 6 ವಾರ ಆಯಿತು. ಎಂಜಿನ್ ಬಿಸಿ ತೋರಿಸುವ ಮೀಟರಿನ ಮುಳ್ಳು ಅರ್ಧ ದಾಟಿಲ್ಲ, ಕೂಲಂಟ್ ಇಳಿದಿಲ್ಲ.

ಪಂಪ್ ಕೆಟ್ಟಿದ್ದು ನಿಮ್ಮ ತಪ್ಪಲ್ಲ. ಅದಕ್ಕೂ ವಯಸ್ಸಾಗುತ್ತದೆ. ಮೂರು ಸಲದಲ್ಲಿ ಒಂದು ಸಲವಾದರೂ ಯಾರೂ ಆ ಕಡೆ ಟಾರ್ಚ್ ಬಿಟ್ಟು ನೋಡಲಿಲ್ಲವಲ್ಲ, ನನ್ನ ದೂರು ಅದು.

ಮೊದಲ ದಿನವೇ ಕೌಂಟರಿನಲ್ಲಿ ಎರಡು ಮಾತು ಹೇಳಿದ್ದೆ. ತುಂಬಿಸಿದ ಕೂಲಂಟ್ ನಾಲ್ಕೇ ದಿನಕ್ಕೆ ಕೆಳಗಿನ ಗೆರೆಗೆ ಇಳಿಯುತ್ತಿದೆ. ಎಂಜಿನ್ ಮುಂಭಾಗದಿಂದ ಗರಗರ ಸದ್ದು ಬರುತ್ತಿದೆ, ಆಕ್ಸಿಲರೇಟರ್ ಒತ್ತಿದಷ್ಟೂ ಜಾಸ್ತಿಯಾಗುತ್ತದೆ. ಈ ಎರಡನ್ನೂ ಒಟ್ಟಿಗೆ ಕೇಳಿದ ಮೆಕ್ಯಾನಿಕ್‌ಗೆ ಮೊದಲು ನೆನಪಾಗಬೇಕಾದ್ದೇ ಪಂಪ್, ಅಲ್ವಾ? ನಿಮ್ಮವರು ಬೆಲ್ಟ್ ಸದ್ದು ಅಂದರು. ಜಾಬ್ ಕಾರ್ಡಿನಲ್ಲಿ ಬರೆದುಕೊಂಡಿದ್ದು ‘ಬಿಸಿಯಾಗುತ್ತದೆ’ ಅಂತ ಒಂದೇ ಮಾತು.

ಥರ್ಮೋಸ್ಟಾಟ್ ಬದಲಿಸಿದಾಗ ಹಳೆಯದನ್ನು ಕೇಳಿ ತಂದಿದ್ದೆ. ಮನೆಯಲ್ಲಿ ಪಾತ್ರೆಯ ನೀರಿಗೆ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಒಲೆ ಹಚ್ಚಿದೆ. ಅದರ ಮೇಲೆ 82 ಅಂತ ಅಚ್ಚಿದೆ, ಅಂದರೆ ಸುಮಾರು ಅಷ್ಟು ಡಿಗ್ರಿಗೆ ತೆರೆಯತೊಡಗಬೇಕು. ನೀರು 83 ಡಿಗ್ರಿ ಆಗುತ್ತಿದ್ದಂತೆ ವಾಲ್ವ್ ಬಾಯಿ ಬಿಡತೊಡಗಿತು, 95ರ ಹೊತ್ತಿಗೆ ಪೂರ್ತಿ ತೆರೆಯಿತು. ಒಲೆ ಆರಿಸಿದೆ, ಮುಚ್ಚಿಕೊಂಡಿತು. ಅದರಲ್ಲಿ ಏನೂ ದೋಷ ಇರಲಿಲ್ಲ. ಅದೂ ಅಲ್ಲದೆ, ಥರ್ಮೋಸ್ಟಾಟ್ ಮುಚ್ಚಿದ ಹಾಗೇ ಸಿಕ್ಕಿಕೊಂಡರೆ ಎಂಜಿನ್ ಬಿಸಿಯಾಗುತ್ತದೆ ನಿಜ, ಆದರೆ ಅಷ್ಟಕ್ಕೇ ಕೂಲಂಟ್ ದಿನಾ ಇಳಿಯುತ್ತಾ ಹೋಗಲ್ಲ.

ಹೆಡ್ ಗ್ಯಾಸ್ಕೆಟ್ ಮಾತು ಇನ್ನೂ ವಿಚಿತ್ರ. ಸೈಲೆನ್ಸರಿನಿಂದ ಬಿಳಿ ಹೊಗೆ ಇರಲಿಲ್ಲ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಹಾಲು ಬೆರೆತ ಹಾಗೆ ಆಗಿರಲಿಲ್ಲ. ಕೂಲಂಟಿಗೆ ಹೊಗೆ ಸೇರುತ್ತಿದೆಯಾ ಎಂದು ನೋಡುವ ನೀಲಿ ದ್ರಾವಣದ ಪರೀಕ್ಷೆ ಇದೆಯಲ್ಲ, ಗ್ಯಾಸ್ಕೆಟ್ ಹೋಗಿದ್ದರೆ ಅದು ಹಳದಿಗೆ ತಿರುಗುತ್ತದೆ. ಮಾಡಿದಿರಾ ಎಂದು ಕೇಳಿದೆ. ‘ಅನುಭವದ ಮೇಲೆ ಹೇಳ್ತಿದ್ದೀವಿ’ ಅಂದರು.

ಗಾಡಿ ಬಿಚ್ಚುವುದು ಬೇಡ ಎಂದು ವಾಪಸ್ ತಂದೆ. ಮರುದಿನ ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿದ್ದಾಗ ನಾನೇ ಬಾನೆಟ್ ಎತ್ತಿದೆ. ಪಂಪಿನ ಕೆಳಭಾಗದಲ್ಲಿ ಪೆನ್ಸಿಲ್ ಮೊನೆ ಹೋಗುವಷ್ಟು ಒಂದು ತೂತು ಇರುತ್ತದೆ, ಒಳಗಿನ ಸೀಲ್ ಸೋತರೆ ಕೂಲಂಟ್ ಅಲ್ಲಿಂದಲೇ ಹೊರಬರಲಿ ಅಂತ. ಅದರ ಕೆಳಗೆ ಉಪ್ಪು ಕಟ್ಟಿದ ಹಾಗೆ ಗುಲಾಬಿ ಬಣ್ಣದ ಪದರ, ತುದಿಯಲ್ಲಿ ಒಂದು ಹನಿ. ಒಣಗಿದ ಸಣ್ಣ ಕಲೆ ಚೆನ್ನಾಗಿರುವ ಪಂಪಿನಲ್ಲೂ ಇರಬಹುದು, ನನಗೆ ಗೊತ್ತು. ಇದು ಒದ್ದೆಯಾಗಿತ್ತು. ಬೆಲ್ಟ್ ತಿರುಗಿಸುವ ಪಂಪಿನ ಗಾಲಿಯನ್ನು, ಅಂದರೆ ಪುಲಿಯನ್ನು ಎರಡು ಬೆರಳಲ್ಲಿ ಹಿಡಿದು ಅಲುಗಾಡಿಸಿದೆ, ಕಟಕಟ ಅಂತ ಆಡಿತು. ಬೇರಿಂಗ್ ಹೋಗಿತ್ತು. ಪಂಪ್ ಟೈಮಿಂಗ್ ಬೆಲ್ಟಿನ ಕವರ್ ಒಳಗೆ ಇರುವ ಗಾಡಿಯಾಗಿದ್ದರೆ ಕಾಣಲಿಲ್ಲ ಅನ್ನಬಹುದಿತ್ತು. ನನ್ನ ಗಾಡಿಯಲ್ಲಿ ಅದು ಹೊರಗೇ ಇದೆ, ಒಂದು ಬೋಲ್ಟ್ ಕೂಡ ಬಿಚ್ಚಬೇಕಿರಲಿಲ್ಲ.

ಇದರಲ್ಲಿ ಬರೀ ಹಣದ ಮಾತಿಲ್ಲ. ಆ ಬೇರಿಂಗ್ ದಾರಿಯಲ್ಲಿ ಜಾಮ್ ಆಗಿದ್ದರೆ ಬೆಲ್ಟ್ ಹರಿಯುತ್ತಿತ್ತು. ಅದೇ ಬೆಲ್ಟ್ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನೂ ತಿರುಗಿಸುತ್ತದೆ. ಪಂಪ್ ನಿಂತು ಕೂಲಂಟ್ ಹರಿಯದೆ, ಆಮೇಲೆ ಸ್ವಲ್ಪ ದೂರ ಓಡಿಸಿದ್ದರೂ ಸಾಕಿತ್ತು, ನೀವು ಸುಮ್ನೆ ಹೇಳಿದ ಹೆಡ್ ಗ್ಯಾಸ್ಕೆಟ್ ನಿಜವಾಗಿಯೂ ಹೋಗುತ್ತಿತ್ತು. ಅಂಥ ಗಾಡಿಯನ್ನು ‘ಸರಿಯಾಗಿದೆ, ಓಡಿಸಿ’ ಎಂದು ಎರಡು ಸಲ ಕೈಗೆ ಕೊಟ್ಟಿದ್ದೀರಿ.

ಥರ್ಮೋಸ್ಟಾಟಿನ ಬೆಲೆ, ಅದರ ಕೂಲಿ, ಎರಡು ಸಲ ತುಂಬಿಸಿದ ಕೂಲಂಟಿನ ಹಣ ವಾಪಸ್ ಕೊಡಿ. ನನ್ನ ಗಾಡಿಯ ದಾಖಲೆಯಲ್ಲಿ ‘ಹೆಡ್ ಗ್ಯಾಸ್ಕೆಟ್ ದೋಷ’ ಎಂದು ಬರೆದಿರುವುದನ್ನು ತೆಗೆಯಿರಿ. ನಾಳೆ ಮಾರಲು ಹೋದರೆ ಆ ಒಂದು ಸಾಲು ಸಾಕು ಬೆಲೆ ಬೀಳಲು. ಪಂಪನ್ನು ಯಾಕೆ ನೋಡಲಿಲ್ಲ ಎನ್ನುವುದಕ್ಕೆ 15 ದಿನದೊಳಗೆ ಬರಹದಲ್ಲಿ ಉತ್ತರ ಬೇಕು. ಫೋನಿನಲ್ಲಿ ಸಮಾಧಾನ ಹೇಳುವುದು ಬೇಡ.

ಮೂರೂ ಜಾಬ್ ಕಾರ್ಡ್, ಬಿಲ್‌ಗಳು, ಆ ತೂತಿನ ಫೋಟೋ ಜೊತೆಗಿಟ್ಟಿದ್ದೇನೆ. ಹಳೇ ಪಂಪ್ ನನ್ನ ಹತ್ತಿರವೇ ಇದೆ. ಅನುಮಾನ ಇದ್ದರೆ ತಂದು ನಿಮ್ಮ ಮೇಜಿನ ಮೇಲೆ ಇಡುತ್ತೇನೆ, ನೀವೇ ಪುಲಿ ಹಿಡಿದು ಅಲುಗಾಡಿಸಿ ನೋಡಿ.

ಇಂತಿ,
ನಿಮ್ಮ ಗ್ರಾಹಕ