ಸ್ವಿಚ್ ಒತ್ತುವ ಮೊದಲು ಎರಡು ಪ್ರಶ್ನೆ

ಪ್ರೀತಿಯ ಮೇಘಾ,

ನೀನು ಕಳಿಸಿದ ಮಿಷನ್‌ಗಳ ಪಟ್ಟಿ ನೋಡಿದೆ. ಟೇಬಲ್ ಸಾ, ರೂಟರ್, ಪ್ಲೇನರ್, ಒಂದು ಸಣ್ಣ ಲೇತ್, ಗ್ರೈಂಡರ್. ಬೆಲೆ, ವಾರಂಟಿ, ಎಷ್ಟು ಎಚ್‌ಪಿ ಮೋಟರ್ ಅಂತ ಎಲ್ಲಾ ಅಚ್ಚುಕಟ್ಟಾಗಿ ಬರೆದಿದ್ದೀಯ. ಆದರೆ ಕೈಯ ಬದಲು ಮರ ತಳ್ಳುವ ಪುಶ್ ಸ್ಟಿಕ್ ಇಲ್ಲ, ಮಾಸ್ಕ್ ಇಲ್ಲ, ಕಿವಿಗೆ ಏನೂ ಇಲ್ಲ, ಧೂಳು ಎಳೆಯುವ ಮಿಷನ್ ಇಲ್ಲ. ಆರ್ಕಿಟೆಕ್ಟ್ ಕೆಲಸ ಬಿಟ್ಟು ಪೀಣ್ಯದಲ್ಲಿ ಶೆಡ್ ಹಿಡಿದು ಕುರ್ಚಿ ಮೇಜು ಮಾಡುತ್ತೇನೆ ಅಂದಾಗ ನಿನ್ನ ಅಮ್ಮ ಸಂಬಳದ ಲೆಕ್ಕ ಹಾಕಿದಳು. ನಾನು ಬೆರಳಿನ ಲೆಕ್ಕ ಹಾಕಿದೆ. ಐಟಿಐಯಲ್ಲಿ ಕಾರ್ಪೆಂಟರ್ ಟ್ರೇಡ್ ಕಲಿಸಿ ನಿವೃತ್ತನಾದವನು ಇನ್ನೇನು ಮಾಡುತ್ತಾನೆ ಹೇಳು.

'ಜಾಗ್ರತೆ ಮಗಳೇ' ಅಂತ ಬರೆದು ಮುಗಿಸಬಹುದಿತ್ತು. ಅದರಿಂದ ಏನೂ ಉಪಯೋಗ ಇಲ್ಲ. ಗರಗಸದ ಮುಂದೆ ನಿಂತವರೆಲ್ಲ ಜಾಗ್ರತೆಯಾಗಿಯೇ ನಿಂತಿರುತ್ತಾರೆ. ಬೇಕಾಗಿರುವುದು ಬೇರೆ. ಕೈಗರಗಸದಲ್ಲಿ ಬಲ ನಿನ್ನದು, ನೀನು ನಿಂತರೆ ಅದೂ ನಿಲ್ಲುತ್ತದೆ. ಮಿಷನ್‌ನಲ್ಲಿ ಬಲ ಮೋಟರಿನದು. ಅದು ಮರವನ್ನು ಸದಾ ಯಾವುದೋ ಒಂದು ಕಡೆಗೆ ತಳ್ಳುತ್ತಲೇ ಇರುತ್ತದೆ. ಹಾಗಾಗಿ ಪ್ರತಿ ಸಲ ಸ್ವಿಚ್ ಒತ್ತುವ ಮೊದಲು ಎರಡು ಪ್ರಶ್ನೆ ಕೇಳಿಕೋ. ಈಗ ಹಿಡಿತ ತಪ್ಪಿದರೆ ಮರ ಎಲ್ಲಿಗೆ ಹೋಗುತ್ತದೆ? ಮರ ಹೋದ ಮೇಲೆ ನನ್ನ ಕೈ ಎಲ್ಲಿಗೆ ಹೋಗುತ್ತದೆ?

ಎರಡನೆಯದನ್ನು ಯಾರೂ ಕೇಳಿಕೊಳ್ಳುವುದಿಲ್ಲ. ಕೈ ಹೋಗುವುದು ಅಲ್ಲೇ. ನೀನು ಮುಂದಕ್ಕೆ ತಳ್ಳುತ್ತಿರುತ್ತೀಯ, ಎದುರಿಗಿದ್ದ ಮರ ಇದ್ದಕ್ಕಿದ್ದ ಹಾಗೆ ಮಾಯ. ತಳ್ಳುತ್ತಿದ್ದ ಕೈ ಅದೇ ಜೋರಿನಲ್ಲಿ ಬ್ಲೇಡಿನ ಮೇಲೆ ಹೋಗಿ ಬೀಳುತ್ತದೆ.

ಟೇಬಲ್ ಸಾ, ಅಂದರೆ ಮೇಜಿನ ಸೀಳಿನಿಂದ ಮೇಲೆ ಚಾಚಿ ತಿರುಗುವ ಗರಗಸ, ಅದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. 10 ಇಂಚಿನ ಬ್ಲೇಡ್ ನಿಮಿಷಕ್ಕೆ 4,000 ಸುತ್ತು ತಿರುಗಿದರೆ ಅದರ ಹಲ್ಲು ಗಂಟೆಗೆ ಸುಮಾರು 190 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಏನೋ ತಪ್ಪಾಗಿದೆ ಅಂತ ಗೊತ್ತಾಗಿ ಕೈ ಹಿಂದೆ ಎಳೆಯೋಕೆ ಮನುಷ್ಯನಿಗೆ ಕಾಲು ಸೆಕೆಂಡಾದರೂ ಬೇಕು. ಅಷ್ಟರಲ್ಲಿ 40 ಹಲ್ಲಿನ ಬ್ಲೇಡ್ ಆರುನೂರಕ್ಕೂ ಹೆಚ್ಚು ಸಲ ಕಚ್ಚಿರುತ್ತದೆ. ಚುರುಕಾಗಿದ್ದರೆ ಸಾಕು ಅನ್ನುವವರಿಗೆ ಈ ಲೆಕ್ಕ ಹೇಳು.

ಬ್ಲೇಡಿನ ಮುಂಭಾಗದ ಹಲ್ಲು ಮರವನ್ನು ಕೆಳಕ್ಕೆ, ಮೇಜಿಗೆ ಒತ್ತುತ್ತದೆ. ಅದರಿಂದ ತೊಂದರೆ ಇಲ್ಲ. ಹಿಂಭಾಗದ ಹಲ್ಲು ಮೇಲಕ್ಕೆ ಏಳುತ್ತಿರುತ್ತದೆ. ಸೀಳಿದ ಮರ ಆ ಹಿಂದಿನ ಹಲ್ಲಿಗೆ ಒರಗಿತೋ, ಅದನ್ನು ಎತ್ತಿ ನಿನ್ನ ಕಡೆಗೇ ಎಸೆಯುತ್ತದೆ. ಇದನ್ನೇ ಕಿಕ್‌ಬ್ಯಾಕ್ ಅನ್ನುವುದು. ಮರ ಯಾಕೆ ಒರಗುತ್ತದೆ? ಸರಿಯಾಗಿ ಒಣಗದ ಹಲಗೆ, ಒಳಗೆ ಬಿಗಿತ ಇರುವ ಹಲಗೆ ಸೀಳುತ್ತಿದ್ದ ಹಾಗೆ ಬಾಯಿ ಮುಚ್ಚಿಕೊಂಡು ಬ್ಲೇಡನ್ನೇ ಹಿಡಿಯುತ್ತದೆ. ಇಲ್ಲವೇ ಫೆನ್ಸ್, ಅಂದರೆ ಹಲಗೆಯನ್ನು ಒರಗಿಸಿ ತಳ್ಳುವ ಪಟ್ಟಿ, ಬ್ಲೇಡಿಗೆ ಸಮಾನಾಂತರವಾಗಿರದೆ ಹಿಂಭಾಗದಲ್ಲಿ ಒಳಕ್ಕೆ ವಾಲಿರುತ್ತದೆ. ಇಲ್ಲವೇ ಸೊಟ್ಟ ಹಲಗೆಯನ್ನು ಫೆನ್ಸ್ ಇಲ್ಲದೆ ಬರೀ ಕೈಯಲ್ಲಿ ತಳ್ಳಿರುತ್ತೀಯ.

ಇದಕ್ಕೇ ಬ್ಲೇಡಿನ ಹಿಂದೆ ರೈವಿಂಗ್ ನೈಫ್ ಅಂತ ಒಂದು ತೆಳ್ಳನೆ ಉಕ್ಕಿನ ತಗಡು ಇರುತ್ತದೆ. ಸೀಳಿದ ಬಾಯಿ ಮುಚ್ಚದ ಹಾಗೆ ಅದು ತಡೆಯುತ್ತದೆ. ಮಿಷನ್ ಬಂದ ದಿನವೇ 'ಇದು ಅಡ್ಡ ಬರುತ್ತೆ ಮೇಡಂ' ಅಂತ ಯಾರಾದರೂ ಬಿಚ್ಚೋಕೆ ಬರುತ್ತಾರೆ. ಬಿಚ್ಚೋಕೆ ಬಿಡಬೇಡ. ಮೇಲಿನ ಗಾರ್ಡ್ ಕೆಲವು ಕೆಲಸಕ್ಕೆ ನಿಜಕ್ಕೂ ಅಡ್ಡ ಬರುತ್ತದೆ, ಆಗ ಅದನ್ನು ತೆಗೆದು ಕೆಲಸ ಆದ ತಕ್ಷಣ ವಾಪಸ್ ಹಾಕು. ರೈವಿಂಗ್ ನೈಫ್ ಸಾಮಾನ್ಯವಾಗಿ ಯಾವ ಸೀಳಿಗೂ ಅಡ್ಡ ಬರುವುದಿಲ್ಲ.

ಬ್ಲೇಡಿನ ನೇರಕ್ಕೆ ನಿಲ್ಲಬೇಡ, ಸ್ವಲ್ಪ ಎಡಕ್ಕೆ ಸರಿದು ನಿಲ್ಲು. ಬ್ಲೇಡಿಗೂ ಫೆನ್ಸಿಗೂ ನಡುವಿನ ತುಂಡನ್ನು ಕೊನೆಯವರೆಗೂ ಪುಶ್ ಸ್ಟಿಕ್‌ನಿಂದ ತಳ್ಳು, ಅರ್ಧಕ್ಕೆ ಕೈಬಿಡಬೇಡ. ಬ್ಲೇಡ್ ಮರಕ್ಕಿಂತ ಸ್ವಲ್ಪವೇ ಮೇಲೆ ಇರಲಿ. ಅಡ್ಡ ಕೊಯ್ಯುವಾಗ ಮೈಟರ್ ಗೇಜ್ (ಮರವನ್ನು ಅಡ್ಡ ಹಿಡಿದು ತಳ್ಳುವ ಸಾಧನ) ಮತ್ತು ಫೆನ್ಸ್ ಎರಡನ್ನೂ ಒಟ್ಟಿಗೆ ಬಳಸಬೇಡ. ಕೊಯ್ದ ತುಂಡು ಫೆನ್ಸಿಗೂ ಬ್ಲೇಡಿಗೂ ನಡುವೆ ಸಿಕ್ಕಿಕೊಂಡು ಹಾರುತ್ತದೆ. ಬ್ಲೇಡಿನ ಪಕ್ಕ ಬಿದ್ದ ಚೂರನ್ನು ಬೆರಳಲ್ಲಿ ಸರಿಸೋಕೂ ಹೋಗಬೇಡ. ಸ್ವಿಚ್ ಆಫ್ ಮಾಡಿ ಬ್ಲೇಡ್ ಪೂರ್ತಿ ನಿಲ್ಲುವವರೆಗೆ ಕಾಯಿ. ಕಾಯುವುದಕ್ಕೇ ಜನರಿಗೆ ಆಗದಿರುವುದು.

ಅಮೆರಿಕದಲ್ಲಿ ಟೇಬಲ್ ಸಾದಿಂದ ವರ್ಷಕ್ಕೆ ಸುಮಾರು 30 ಸಾವಿರ ಗಾಯಗಳಾಗುತ್ತವೆ ಅಂತ ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗದ ಅಂದಾಜು. ಗಾರ್ಡ್, ಕೈಪಿಡಿ, ಕಾನೂನು ಎಲ್ಲಾ ಇರುವ ದೇಶದಲ್ಲೇ ಹೀಗೆ. ಅಲ್ಲಿನ ಸ್ಟೀವ್ ಗ್ಯಾಸ್ ಅನ್ನುವವರು 1999ರಲ್ಲಿ ಒಂದು ಉಪಾಯ ಹುಡುಕಿದರು. ಓದಿದ್ದು ಭೌತಶಾಸ್ತ್ರ, ಕೆಲಸ ಪೇಟೆಂಟ್ ವಕೀಲಿಕೆ. ಮೈಯಲ್ಲಿ ವಿದ್ಯುತ್ ಹರಿಯುತ್ತದೆ, ಒಣ ಮರದಲ್ಲಿ ಹರಿಯುವುದಿಲ್ಲ ಅಲ್ವಾ. ಬ್ಲೇಡಿನಲ್ಲಿ ಸಣ್ಣ ಸಿಗ್ನಲ್ ಇಟ್ಟು, ಬೆರಳು ತಾಗಿದ ಕೂಡಲೇ ಅಲ್ಯೂಮಿನಿಯಂ ತುಂಡೊಂದು ಹಲ್ಲಿಗೆ ನುಗ್ಗುವ ಹಾಗೆ ಮಾಡಿದರು. ಬ್ಲೇಡ್ 5 ಮಿಲಿಸೆಕೆಂಡಿನೊಳಗೆ ನಿಲ್ಲುತ್ತದೆ. ಸಾಸ್ಟಾಪ್ ಅಂತ ಹೆಸರು. ಒಂದು ಸಲ ಕೆಲಸ ಮಾಡಿದರೆ ಬ್ಲೇಡೂ ಹೋಯಿತು, ಬ್ರೇಕೂ ಹೋಯಿತು, ಬೆರಳು ಉಳಿಯಿತು. ಕೈಗೆಟುಕಿದರೆ ತೆಗೆದುಕೋ. ಆದರೆ ಆ ಬ್ರೇಕ್ ಹಾರುವ ಹಲಗೆಯನ್ನು ತಡೆಯುವುದಿಲ್ಲ, ಎಲ್ಲಿ ನಿಲ್ಲಬೇಕು ಅನ್ನೋದು ಅಲ್ಲೂ ನಿನ್ನದೇ ಜವಾಬ್ದಾರಿ.

ಅಷ್ಟು ದುಡ್ಡಿಲ್ಲ ಅಂತ ನಮ್ಮಲ್ಲಿ ಮಾಡುವುದೇನು ಗೊತ್ತಲ್ಲ. ಪ್ಲೈವುಡ್‌ಗೆ ತೂತು ಮಾಡಿ, ಮಾರ್ಬಲ್ ಕಟರ್ ಅನ್ನು ಕೆಳಗಿನಿಂದ ತಲೆಕೆಳಗು ಬಿಗಿದು, ಸ್ವಿಚ್ಚನ್ನು ಟೇಪಿನಲ್ಲಿ ಕಟ್ಟಿ 'ಟೇಬಲ್ ಸಾ' ಅನ್ನುವುದು. ಯಾವ ಸೈಟಿಗೆ ಹೋದರೂ ಕಾಣುತ್ತದೆ. ಗಾರ್ಡ್ ಇಲ್ಲ, ರೈವಿಂಗ್ ನೈಫ್ ಇಲ್ಲ, ಎದುರಿಗೆ ಆಫ್ ಸ್ವಿಚ್ ಇಲ್ಲ. ಕಲ್ಲು ಕೊಯ್ಯುವ ಮಿಷನ್ ಅದು, ನಿಮಿಷಕ್ಕೆ 12 ಸಾವಿರ ಸುತ್ತಿನ ಆಸುಪಾಸು ತಿರುಗುತ್ತದೆ. ಮರದ ಬ್ಲೇಡಿನ ಮೇಲೆ ಗರಿಷ್ಠ ವೇಗ ಅಂತ ಅಚ್ಚು ಹಾಕಿರುತ್ತಾರೆ, ಅದನ್ನು ಓದುವವರೇ ಇಲ್ಲ. ಹಾಗೆಯೇ 4 ಇಂಚಿನ ಗ್ರೈಂಡರಿಗೆ ಹಲ್ಲಿನ ಬ್ಲೇಡ್ ಹಾಕಿ ಮರ ಕೊಯ್ಯುವುದು. ಆ ಮಿಷನ್ ತಿಕ್ಕೋಕೆ ಮಾಡಿದ್ದು. ಹಲ್ಲು ಮರಕ್ಕೆ ಕಚ್ಚಿಕೊಂಡರೆ ಮಿಷನ್ನೇ ಕೈಯಿಂದ ನೆಗೆಯುತ್ತದೆ, ಮುಖವೋ ತೊಡೆಯೋ ಅದಕ್ಕೆ ಗೊತ್ತಿಲ್ಲ. ನಿನ್ನ ಶೆಡ್ಡಿಗೆ ಬರುವ ಕೆಲಸಗಾರರು ನನಗೆ ಇಪ್ಪತ್ತು ವರ್ಷದ ಅನುಭವ ಅನ್ನಬಹುದು. ಅವರ ಕೈಚಳಕಕ್ಕೆ ಮರ್ಯಾದೆ ಕೊಡು, ಗೌರವದಿಂದ ಮಾತಾಡು. ಆದರೆ ಶೆಡ್ ನಿನ್ನದು. ಆ ಎರಡು ಏರ್ಪಾಡು ಒಳಗೆ ಬರಕೂಡದು ಅಂತ ಮೊದಲ ದಿನವೇ ಹೇಳಿಬಿಡು.

ರೂಟರಿನಲ್ಲೂ ಅದೇ ಪ್ರಶ್ನೆ, ಉತ್ತರ ಬೇರೆ. ಅದರಲ್ಲಿ ಬಿಟ್ ಅನ್ನುವ ಸಣ್ಣ ಅಲಗು ತಿರುಗಿ ಮರದ ಅಂಚು ಕೊರೆಯುತ್ತದೆ. ಬಿಟ್ ತಿರುಗುವ ದಿಕ್ಕಿಗೆ ಎದುರಾಗಿ ಹೋಗಬೇಕು. ಕೈಯಲ್ಲಿ ಹಿಡಿದು ಹಲಗೆಯ ಹೊರ ಅಂಚು ತೆಗೆಯುವಾಗ ಗಡಿಯಾರದ ಮುಳ್ಳಿಗೆ ಎದುರು ದಿಕ್ಕು, ಒಳ ಅಂಚಾದರೆ ಮುಳ್ಳಿನ ದಿಕ್ಕು. ರೂಟರ್ ಟೇಬಲ್ ಮೇಲೆ ಬಲದಿಂದ ಎಡಕ್ಕೆ. ತಿರುಗುಮುರುಗಾದರೆ ಬಿಟ್ ಮರವನ್ನು ಕಿತ್ತುಕೊಂಡು ಓಡುತ್ತದೆ. ದೊಡ್ಡ ಬಿಟ್ ಹಾಕಿದಾಗ ವೇಗ ಕಮ್ಮಿ ಮಾಡು. ಬಿಟ್ಟನ್ನು ಅದನ್ನು ಹಿಡಿಯುವ ಕೊಲೆಟ್ಟಿನ ತಳ ಮುಟ್ಟಿಸಿ ಬಿಗಿಯಬೇಡ, ಎರಡು ಮೂರು ಮಿ.ಮೀ. ಮೇಲೆತ್ತಿ ಬಿಗಿ. ಹಲಗೆ ಕೀಸುವ ಪ್ಲೇನರ್ ಮೇಲೆ ಒಂದು ಅಡಿಗಿಂತ ಗಿಡ್ಡ ತುಂಡು ಹಾಕಬೇಡ, ಅದಕ್ಕೆ ನಮ್ಮ ಹಳೇ ಕೀಸುಳಿಯೇ ಸಾಕು.

ಬಿಚ್ಚಿದ ಹಳೇ ಮನೆಗಳ ತೇಗ ಕೊಳ್ಳುತ್ತೇನೆ ಅಂದೆ. ಒಳ್ಳೆಯದು, ಈಗ ಅಂಥ ಮರ ಸಿಗುವುದು ಕಷ್ಟ. ಆದರೆ ಹಳೇ ಬಾಗಿಲವಾಡದೊಳಗೆ ತಲೆ ಮುರಿದ ಮೊಳೆ ಇದ್ದೇ ಇರುತ್ತದೆ. ಜೋರಾದ ಆಯಸ್ಕಾಂತ ಆಡಿಸಿ ನೋಡದೆ ಮಿಷನ್ ಹತ್ತಿರ ತರಬೇಡ. ಮೊಳೆ ತಾಗಿದರೆ ಬ್ಲೇಡಿನ ಕಾರ್ಬೈಡ್ ಹಲ್ಲು ಕಿತ್ತು ಹಾರುತ್ತದೆ. ಕನ್ನಡಕ ಯಾಕೆ ಅಂತ ಕೇಳಿದ್ದೆಯಲ್ಲ, ಇದಕ್ಕೆ.

ಈಗ ಲೇತ್. ಚನ್ನಪಟ್ಟಣದಲ್ಲಿ ಹಾಲೆ ಮರ ತಿರುಗಿಸಿ ಅರಗಿನ ಬಣ್ಣ ಹಚ್ಚುವುದನ್ನು ನೀನು ನೋಡಿ ಬಂದಿದ್ದೀಯ. ನೋಡೋಕೆ ಎಷ್ಟು ಸುಲಭ ಅನಿಸುತ್ತದೆ! ಉಳಿಯನ್ನು ಮೊದಲು ಟೂಲ್ ರೆಸ್ಟ್ ಮೇಲೆ ಊರಿ, ಆಮೇಲೆ ಮರಕ್ಕೆ ತಾಗಿಸು. ಸ್ವಿಚ್ ಹಾಕುವ ಮೊದಲು ಮರವನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ ಎಲ್ಲೂ ತಾಗುತ್ತಿಲ್ಲ ಅಂತ ನೋಡು. ಪಾಲಿಶ್ ಮಾಡುವಾಗ ಬಟ್ಟೆಯನ್ನು ಬೆರಳಿಗೆ ಸುತ್ತಿಕೊಳ್ಳಬೇಡ. ಕಾಗದ ಸಿಕ್ಕಿಕೊಂಡರೆ ಹರಿಯುತ್ತದೆ, ಬಟ್ಟೆ ಹರಿಯುವುದಿಲ್ಲ, ಬೆರಳನ್ನು ಜೊತೆಗೇ ಎಳೆದುಕೊಳ್ಳುತ್ತದೆ. ತಿರುಗುವ ಮಿಷನ್ ಹತ್ತಿರ ಗ್ಲೌಸ್ ಬೇಡ ಅನ್ನುವುದೂ ಇದೇ ಕಾರಣಕ್ಕೆ. ಮರ ಎತ್ತಿ ಇಡುವಾಗ ಹಾಕಿಕೋ, ಮಿಷನ್ ಮುಂದೆ ಬಿಚ್ಚಿಡು.

ವೇಲ್, ಬಳೆ, ಉಂಗುರ, ಕುತ್ತಿಗೆಯ ಸರ ಮನೆಯಲ್ಲೇ ಇರಲಿ. ಇಯರ್‌ಫೋನಿನ ವೈರ್ ಕೂಡ. ಜಡೆ ಹಾಕಿ ಬೆನ್ನ ಮೇಲೆ ಬಿಟ್ಟರೆ ಸಾಲದು, ಬಗ್ಗಿದಾಗ ಅದು ಮುಂದಕ್ಕೆ ಜಾರುತ್ತದೆ. ಸುತ್ತಿ ಕಟ್ಟಿ ಟೋಪಿಯೊಳಗೆ ಸೇರಿಸು. 2011ರ ಏಪ್ರಿಲ್‌ನಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವರ್ಕ್‌ಶಾಪಿನಲ್ಲಿ ಒಬ್ಬ ವಿದ್ಯಾರ್ಥಿನಿ ರಾತ್ರಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದಳು. ಕೂದಲು ಸಿಕ್ಕಿಕೊಂಡಿತು. ಸ್ವಿಚ್ ಆರಿಸೋಕೆ ಪಕ್ಕದಲ್ಲಿ ಯಾರೂ ಇರಲಿಲ್ಲ, ಹುಡುಗಿ ಉಳಿಯಲಿಲ್ಲ. ಅದು ಲೋಹದ ಲೇತ್, ನಿನ್ನದು ಮರದ್ದು. ಕೂದಲಿಗೆ ಎರಡೂ ಒಂದೇ. ಒಬ್ಬಳೇ ಇರುವಾಗ ಅಳತೆ ಗುರುತು ಹಾಕು, ಅಂಟು ಹಾಕು, ಸ್ಯಾಂಡ್ ಪೇಪರ್ ಹೊಡಿ. ಮಿಷನ್ ಬೇಡ.

1948ರ ಕಾರ್ಖಾನೆ ಕಾಯ್ದೆಯ 22ನೇ ಸೆಕ್ಷನ್ನಿನಲ್ಲಿ ಒಂದು ಮಾತಿತ್ತು. ತಿರುಗುತ್ತಿರುವ ಯಂತ್ರವನ್ನು ಪರಿಶೀಲಿಸುವುದೇನಿದ್ದರೂ ತರಬೇತಾದ, ಬಿಗಿ ಬಟ್ಟೆ ತೊಟ್ಟ ಗಂಡಸೇ ಮಾಡಬೇಕು, ಅಪಾಯ ಇರುವ ಕಡೆ ಹೆಂಗಸರು ಎಣ್ಣೆ ಹಾಕಕೂಡದು, ಒರೆಸಕೂಡದು ಅಂತ. ಗಂಡಸರ ಬೆರಳೇನು ಕಬ್ಬಿಣದ್ದಾ? ಬಿಗಿ ಬಟ್ಟೆ ಅನ್ನುವಷ್ಟನ್ನು ಇಟ್ಟುಕೋ. ನಿನ್ನ ಶೆಡ್ಡಿನಲ್ಲಿ ತಿರುಗುವ ಮಿಷನ್‌ಗೆ ಯಾರೂ ಕೈ ಹಾಕಕೂಡದು, ಗಂಡಸೂ ಕೂಡ. ಬ್ಲೇಡ್ ಬದಲಾಯಿಸುವಾಗ ಸ್ವಿಚ್ ಆಫ್ ಮಾಡಿದ್ದು ಸಾಲದು, ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಹಾಗೆ ಮೇಜಿನ ಮೇಲಿಡು.

ಕರೆಂಟ್ ವಿಷಯ ವಿದೇಶದ ವಿಡಿಯೊಗಳಲ್ಲಿ ಹೇಳುವುದಿಲ್ಲ, ಅವರಿಗೆ ನಮ್ಮ ಕಷ್ಟ ಏನು ಗೊತ್ತು. ಕೆಲಸದ ನಡುವೆ ಕರೆಂಟ್ ಹೋಗುತ್ತದೆ. ನೀನು ಚಹಾ ಕುಡಿಯೋಕೆ ಹೊರಗೆ ಹೋಗುತ್ತೀಯ, ಇಲ್ಲವೇ ಸಿಕ್ಕಿಕೊಂಡ ಮರ ಬಿಡಿಸೋಕೆ ಬ್ಲೇಡಿಗೆ ಕೈ ಹಾಕುತ್ತೀಯ. ಕರೆಂಟ್ ವಾಪಸ್ ಬರುತ್ತದೆ. ಸ್ವಿಚ್ ಆನ್ ಆಗಿಯೇ ಇದ್ದರೆ ಮಿಷನ್ ತಾನಾಗಿ ಓಡಲು ಶುರು. ಹಸಿರು, ಕೆಂಪು ಬಟನ್ ಇರುವ ನೋ-ವೋಲ್ಟ್ ಸ್ವಿಚ್ ಹಾಕಿಸು. ಒಮ್ಮೆ ಕರೆಂಟ್ ಹೋದರೆ ಮತ್ತೆ ಹಸಿರು ಒತ್ತುವವರೆಗೆ ಅದು ಶುರುವಾಗುವುದಿಲ್ಲ. ಅದರ ಜೊತೆಗೆ ಸರಿಯಾದ ಅರ್ಥಿಂಗ್ ಮತ್ತು ಕರೆಂಟ್ ಸೋರಿದರೆ ತಾನಾಗಿ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ. ಇದೆಲ್ಲ ಬೇಡ ಅಂತ ಎಲೆಕ್ಟ್ರಿಷಿಯನ್ ಹೇಳಿದರೆ ಬೇರೆ ಎಲೆಕ್ಟ್ರಿಷಿಯನ್ ಹುಡುಕು.

ಧೂಳಿನಿಂದ ರಕ್ತ ಬರುವುದಿಲ್ಲ, ಅದಕ್ಕೇ ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನು 1995ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಮೂಗಿನೊಳಗಿನ ಕ್ಯಾನ್ಸರ್. ಬೀಟೆ, ತೇಗದ ಧೂಳಿಗೆ ಕೆಲವರ ಚರ್ಮ ಕೆರೆಯುತ್ತದೆ. ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಎಂಡಿಎಫ್ ಹಲಗೆ ಕೊಯ್ಯುವಾಗ ಆ ಅಂಟಿನ ಫಾರ್ಮಾಲ್ಡಿಹೈಡ್ ಬೇರೆ. ಮೂಗಿಗೆ ಕರ್ಚೀಫ್ ಕಟ್ಟಿದರೆ ಸಾಲದು, ಎನ್95 ಹಾಕು, ಧೂಳನ್ನು ಮಿಷನ್ ಬಾಯಲ್ಲೇ ಎಳೆಯುವ ವ್ಯವಸ್ಥೆ ಮಾಡು. ಕಿವಿಗೆ ಇಯರ್ ಮಫ್. 100 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಕಾಲು ಗಂಟೆಗಿಂತ ಜಾಸ್ತಿ ಇರಬಾರದು ಅನ್ನುತ್ತಾರೆ, ಮರದ ಮಿಷನ್‌ಗಳು ಆ ಮಟ್ಟ ಮುಟ್ಟುತ್ತವೆ. ಹಾಗೇ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಹೊಟ್ಟಿನ ಮೂಲೆಗೆ ಎಸೆಯಬೇಡ. ಅದು ಒಣಗುತ್ತಾ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸು, ಇಲ್ಲವೇ ನೀರಿನಲ್ಲಿ ಅದ್ದಿಡು.

ಇನ್ನೊಂದು ವಿಷಯ ಬರೆಯೋಕೆ ಮನಸ್ಸಿಲ್ಲ, ಆದರೂ ಬರೆಯುತ್ತೇನೆ. ಯಾರದೇ ಬೆರಳು ತುಂಡಾದರೆ ಗಾಯವನ್ನು ಒತ್ತಿ ಹಿಡಿದು ಕೈ ಮೇಲೆತ್ತಿಸಿ. ತುಂಡಾದ ಬೆರಳನ್ನು ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಐಸ್ ನೀರಿನಲ್ಲಿಡಿ. ಬೆರಳಿಗೆ ಐಸ್ ನೇರ ತಾಗಬಾರದು. ಬೆರಳು ಮತ್ತೆ ಜೋಡಿಸುವ ಸರ್ಜನ್ ಎಲ್ಲಾ ಆಸ್ಪತ್ರೆಯಲ್ಲೂ ಇರುವುದಿಲ್ಲ. ನಿನ್ನ ಶೆಡ್ಡಿಗೆ ಹತ್ತಿರದ ಅಂಥ ಆಸ್ಪತ್ರೆ ಯಾವುದು ಅಂತ ಈಗಲೇ ವಿಚಾರಿಸಿ, ನಂಬರನ್ನು ಸ್ವಿಚ್ ಬೋರ್ಡ್ ಪಕ್ಕ ದೊಡ್ಡದಾಗಿ ಬರೆದು ಅಂಟಿಸು. 108 ಕೂಡ.

ಎಲ್ಲಾ ಮಿಷನ್ ಒಟ್ಟಿಗೆ ತರಬೇಡ. ಮೊದಲು ಟೇಬಲ್ ಸಾ ಮತ್ತು ಧೂಳಿನ ಮಿಷನ್ ತಾ, ಕೈ ಹೊಂದಲಿ. ಲೇತ್ ಕೊನೆಗೆ. ಮಿಷನ್ ಬರುವ ದಿನ ಮೊದಲೇ ತಿಳಿಸು, ರೈಲಿಗೆ ಬುಕ್ ಮಾಡುತ್ತೇನೆ. ಫೆನ್ಸ್ ಅಲೈನ್ ಮಾಡೋಕೆ ಒಳ್ಳೇ ಮೂಲೆಮಟ್ಟ ಬೇಕು, ನನ್ನದನ್ನೇ ತರುತ್ತೇನೆ. ಅಮ್ಮ ಚಕ್ಕುಲಿ ಕಳಿಸುತ್ತಾಳಂತೆ.

ಇಂತಿ ನಿನ್ನ,
ಅಪ್ಪ